ದೇವಿ ಕೊಟ್ಟ ಹೂವು

ದೇವಿಗೆ ಏರಿಸಬೇಕಾದದ್ದು ದಾಸವಾಳವೋ ಸೇವಂತಿಗೆಯೋ ಎಂಬ ಗಹನವಾದ ಪ್ರಶ್ನೆ ಆ ಮನೆಯ ಬೆಳಗಿನ ಕಾಫಿಯನ್ನೇ ತಣ್ಣಗಾಗಿಸಿತು. ಕಡೆಗೆ ಸೇವಂತಿಗೆ ಗೆದ್ದಿತು. ಅದಕ್ಕಿಂತ ಸಣ್ಣ ಪ್ರಶ್ನೆಯೊಂದನ್ನು ದೇವಿಗೇ ಬಿಟ್ಟಿದ್ದರು: ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಒಬ್ಬಳನ್ನೇ ಬಿಟ್ಟುಹೋಗಲಾಗದ ತಾಯಿಯನ್ನು ಎಲ್ಲಿಡುವುದು? ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವಿಟ್ಟು ಬೇಡಿಕೊಳ್ಳುವುದು; ಬಲಗಡೆಯದು ಮೊದಲು ಬಿದ್ದರೆ ಮನೆಗೇ ನರ್ಸ್, ಎಡಗಡೆಯದು ಬಿದ್ದರೆ ವೃದ್ಧಾಶ್ರಮ.

ತಾಯಿ ಹೂ ಏರಿಸಿದಳು. ಮಗ ದೀಪ ಹಚ್ಚಿದ. ಸೊಸೆಯೂ ಬಂದು ಕೂತಳು.

"ಆಶ್ರಮದಲ್ಲಿ ದಿನಾ ಭಜನೆ ಇರುತ್ತಂತೆ ಅತ್ತೆ."

"ಇಲ್ಲೂ ನಾನು ಹಾಡ್ತೀನಲ್ಲಮ್ಮ."

"ಅಲ್ಲಿ ಕೇಳೋರಿರ್ತಾರೆ."

ತಾಯಿಗೆ ಅಂಥ ಆತಂಕವೇನೂ ಇರಲಿಲ್ಲ. ದೇವಿಗೆ ತುಸು ನೆರವಾಗಲೆಂದು ಎಡಗಡೆಯ ಹೂವನ್ನು ಆಕೆ ನೂಲಿನಿಂದ ಬಿಗಿದಿದ್ದಳು. ಆದರೆ ಎಷ್ಟು ಹೊತ್ತಾದರೂ ಬಲಗಡೆಯದು ಅಲುಗಲಿಲ್ಲ.

"ಇನ್ನೂ ಯೋಚನೆ ಮಾಡ್ತಿದಾಳೆ ಕಣಮ್ಮ," ಎಂದ ಮಗ, ನೆಲ ನೋಡುತ್ತಾ.

ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ತಾಯಿ ಎದ್ದು ಹತ್ತಿರ ಹೋದಳು. ಬಲಗಡೆಯ ಹೂವಿನ ಹಿಂದೆ, ದೀಪ ಹಚ್ಚುವಾಗ ಮಗ ಅಂಟಿಸಿದ್ದ ಸೆಲ್ಲೋಟೇಪು ಮಿನುಗುತ್ತಿತ್ತು.

ಆಕೆ ಅವರಿಗೆ ಬೆನ್ನು ಮಾಡಿ ಹಾಗೇ ನಿಂತಳು.

"ಏನಮ್ಮ ಅಲ್ಲಿ?"

"ಏನಿಲ್ಲ ಕಂದ, ಬತ್ತಿ ಸರಿಮಾಡ್ತಿದೀನಿ," ಎನ್ನುತ್ತಾ ತಾಯಿ ನೂಲಿನ ಗಂಟು ಬಿಚ್ಚಿದಳು.

ಎಡಗಡೆಯ ಹೂವು ಬಿತ್ತು.