ಮೂರು ಗೋಡೆ ಕಾಣುವ ಲೆನ್ಸು

"ನೀನು ನೋಡದ ಮನೆಗೆ ನಿನ್ನನ್ನು ಕೊಡುವುದಿಲ್ಲ" ಎಂದು ಗುರುಮಲ್ಲಪ್ಪ ಮಗಳಿಗೆ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಆಗ ಪುಟ್ಟಗೌರಮ್ಮನಿಗೆ ಆರು. ಗಂಡನ ಮನೆಗೆ ಹೊರಟ ಚಿಕ್ಕಮ್ಮ ಗಾಡಿಯಲ್ಲಿ ಅಳುತ್ತಿದ್ದಳು. ಅದನ್ನು ಕಂಡು ಇವಳೂ ಶುರು ಮಾಡಿದ್ದಳು. ದಣಿದ ಅಪ್ಪ ಮಗುವಿನ ಅಳು ನಿಲ್ಲಿಸಲು ಏನು ಬೇಕಾದರೂ ಹೇಳುತ್ತಾನೆ. ಮಗು ಮರೆಯುತ್ತದೆ ಅಂದುಕೊಂಡಿರುತ್ತಾನೆ.

ಪುಟ್ಟಗೌರಮ್ಮ ಮರೆಯಲಿಲ್ಲ.

ಈಗ ನರಸೀಪುರದಿಂದ ಸಂಬಂಧ ಬಂದಿತ್ತು. ಹುಡುಗ ಬೆಟ್ಟಸ್ವಾಮಿ. ಜರಿ ರುಮಾಲು, ಕರಿ ಕೋಟು, ಹೊಳೆ ದಂಡೆಯಲ್ಲಿ ಗದ್ದೆ. ಹೆಣ್ಣು ನೋಡಲು ಬಂದಾಗ ತಲೆ ತಗ್ಗಿಸಿ ಕೂತಿದ್ದ ಹುಡುಗಿಗೆ ಕಂಡದ್ದು ಅವನ ಕಾಲಿನ ಹೆಬ್ಬೆರಳು ಮಾತ್ರ. ಅದರ ಬಗ್ಗೆ ಅವಳ ತಕರಾರೇನೂ ಇರಲಿಲ್ಲ.

"ಮನೆ ನೋಡ್ಬೇಕಪ್ಪ. ಅದ್ರಲ್ಲೂ ಅಡಿಗೆಮನೆ. ಬದುಕೆಲ್ಲ ನಾನಿರೋದು ಅಲ್ಲೇ ತಾನೆ?"

"ತಾಳಿ ಬೀಳೋಕೆ ಮುಂಚೆ ಹೆಣ್ಣು ಆ ಹೊಸ್ಲು ತುಳುದ್ರೆ ನಂಜನಗೂಡೆಲ್ಲ ನಗ್ತದೆ ಕಣವ್ವ."

"ಊರೂರು ಸುತ್ತಿ ಪಟ ತೆಗೀತೀಯಲ್ಲ. ಅದನ್ನೂ ತೆಗ್ದು ತಂದ್ಕೊಡು."

ಗುರುಮಲ್ಲಪ್ಪನ ಹಳೆಯ ಲೆನ್ಸು ಗೋಪುರದ ತುದಿಯಲ್ಲಿ ಕೂತ ಕಾಗೆಯನ್ನೂ ಹಿಡಿಯುವಂಥದ್ದು. ಅಡುಗೆಮನೆಯಲ್ಲಿ ಅದಕ್ಕೆ ದಕ್ಕುವುದು ಒಂದು ಮಡಕೆಯ ಹೊಟ್ಟೆ ಮಾತ್ರ. ಹಿಂದೆ ಸರಿಯೋಣವೆಂದರೆ ಗೋಡೆ. ಅದನ್ನು ಕೊಟ್ಟು ಬೇರೆ ತರಲು ಅವನು ಮೈಸೂರಿಗೆ ಹೋದ.

"ಸುತ್ತಾಟದ ಪಟಕ್ಕೆ ಅಗಲದ ಲೆನ್ಸಾ? ಬ್ಯಾಡಿ ಸಾ" ಎಂದ ಅಂಗಡಿಯ ದೇವರಾಜು. "ಬೆಟ್ಟ ಹುತ್ತ ಆಯ್ತದೆ, ಹೊಳೆ ದಾರ ಆಯ್ತದೆ."

"ನಂಗೆ ಬೆಟ್ಟ ಬೇಡ. ಒಲೆ ಬೇಕು."

ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಗೋಡೆಗೆ ಬೆನ್ನು ಕೊಟ್ಟು ಮೂರು ಲೆನ್ಸು ಹಾಕಿ ನೋಡಿದ. ಮೊದಲನೆಯದರಲ್ಲಿ ಒಂದು ಗೋಡೆ ಕಂಡಿತು. ಎರಡನೆಯದರಲ್ಲಿ ಒಂದೂವರೆ. ನಿಂಬೆಹಣ್ಣಿನಷ್ಟಿದ್ದ ಮೂರನೆಯ ಹಿತ್ತಾಳೆ ಲೆನ್ಸಿನಲ್ಲಿ ಮೂರು ಗೋಡೆಯೂ ಕಂಡವು, ಮೂಲೆಯಲ್ಲಿ ದೇವರಾಜು ಬಚ್ಚಿಟ್ಟಿದ್ದ ನಶ್ಯದ ಡಬ್ಬಿಯೂ ಕಂಡಿತು.

"ಇದೇ ಇರ್ಲಿ."

"ಒಂದೇ ಕಷ್ಟ ಸಾ. ಇದು ಬೆಳಕು ಕುಡಿಯೋದು ಬಲು ನಿಧಾನ. ಕತ್ತಲೆ ಕೋಣೇಲಿ ಆರು ನಿಮಿಷ ಯಾರೂ ಅಲ್ಲಾಡ್ಬಾರ್ದು. ಅಲ್ಲಾಡಿದೋರು ಪಟದಲ್ಲಿ ಹೊಗೆ ಆಗೋಯ್ತಾರೆ."

ಎತ್ತಿನ ಗಾಡಿಯಲ್ಲಿ ನರಸೀಪುರ ತಲುಪಿದವನು ಸಂಗಮದ ದಡದಲ್ಲಿ ಲೆನ್ಸಿಗೆ ಕಣ್ಣು ಕೊಟ್ಟು ನೋಡಿದ. ಕಾವೇರಿ ಒಂದೆಳೆ, ಕಪಿಲೆ ಒಂದೆಳೆ. ದೇವರಾಜು ಸುಳ್ಳು ಹೇಳಿರಲಿಲ್ಲ.

ಬಾಗಿಲು ತೆರೆದವಳು ಹುಡುಗನ ತಾಯಿ ಸಾಕಮ್ಮ. ಬಲ ಮಣಿಕಟ್ಟಿಗೆ ಎಕ್ಕದ ಎಲೆ ಸುತ್ತಿ ಬಟ್ಟೆ ಕಟ್ಟಿದ್ದಳು.

"ಏಳ್ದೆ ಕೇಳ್ದೆ ಬಂದ್ಬುಟ್ರಲ್ಲ!" ಎಂದವಳು ಮನೆಯೊಳಕ್ಕೆ ತಿರುಗಿ ಗಟ್ಟಿಯಾಗಿ ಕೂಗಿದಳು. "ಬೀಗ್ರು ಬಂದವ್ರೆ! ಬೀಗ್ರು!"

"ಒಳಗೆ ಯಾರವ್ರೆ?"

"ಯಾರೂ ಇಲ್ಲ. ಮಗ ಗದ್ದೆ ತಾವ ಓಗವ್ನೆ."

ಅಡುಗೆಮನೆಯ ಪಟ ಎಂದಾಗ ಅವಳ ಮುಖ ಬಿಗಿಯಿತು. "ಒಳೀಕೆ ನೀವು ಕಾಲಿಡಂಗಿಲ್ಲ ಕಣ್ರಪ್ಪ."

"ನಾನು ಹೊಸ್ಲು ದಾಟಲ್ಲ. ಇದರ ಮೂತಿ ಮಾತ್ರ ಒಳಗೆ."

ಮೂತಿ ಒಳಗೆ, ಗುರುಮಲ್ಲಪ್ಪ ಹೊರಗೆ. ಒಲೆಯ ಮೇಲೆ ರಾಗಿ ಹಿಟ್ಟು ಕೊತಕೊತ ಅನ್ನುತ್ತಿತ್ತು. ತಿರುವುವ ಕೋಲು ಎಲ್ಲೂ ಕಾಣಲಿಲ್ಲ. ಸಾಕಮ್ಮನ ಕಣ್ಣು ಮಾತ್ರ ಪದೇ ಪದೇ ಬಲ ಮೂಲೆಗೆ ಹೋಗುತ್ತಿತ್ತು. ಬಾಗಿಲ ಚೌಕಟ್ಟು ಅಡ್ಡವಾಗಿ ಅವನಿಗೆ ಆ ಮೂಲೆ ಕಾಣುತ್ತಿರಲಿಲ್ಲ. ಕರಿ ಬಟ್ಟೆ ಹೊದ್ದು ನೋಡಿದರೆ ಗಾಜಿನ ಮೇಲೆ ಬೆಳಕಿಂಡಿ ಒಂದು ಬಿಟ್ಟು ಉಳಿದದ್ದೆಲ್ಲ ಕತ್ತಲೆ.

ಅವಳು ಮುಚ್ಚಿಡುತ್ತಿರುವುದು ಮಳೆಗಾಲದಲ್ಲಿ ಸೋರುವ ಮೂಲೆಯನ್ನೇ ಇರಬೇಕು. ಮಗಳ ತಲೆಯ ಮೇಲೆ ಸೋರುವ ಮೂಲೆ. ಅವನು ಕ್ಯಾಮೆರಾವನ್ನು ಎರಡು ಬೆರಳಷ್ಟು ಬಲಕ್ಕೆ ತಿರುಗಿಸಿದ.

"ಆರು ನಿಮಿಷ. ಯಾರೂ ಅಲ್ಲಾಡ್ಬಾರ್ದು."

"ಯಾರೂ ಅಂದ್ರೆ? ನಾನೊಬ್ಳೇ ತಾನೆ ಇರದು?"

ಆ ಒಬ್ಬಳು ಆರು ನಿಮಿಷದಲ್ಲಿ ಒಲೆ ಊದಿದಳು, ಬೆಕ್ಕು ಓಡಿಸಿದಳು, ಸೆರಗು ಸರಿ ಮಾಡಿಕೊಂಡಳು, ಎರಡು ಸಲ ಎದ್ದು ಕೂತಳು.

"ಅಲ್ಲಾಡ್ಬೇಡಿ ತಾಯಿ!"

"ಇಟ್ಟು ಸೀದೋಯ್ತದೆ ಕಣ್ರೀ!"

ಮಾರನೆಯ ದಿನ ನಂಜನಗೂಡಿನ ಜಗಲಿಯ ಬಿಸಿಲಿನಲ್ಲಿ ಪಟ ನಿಧಾನವಾಗಿ ಮೂಡಿತು. ಅಪ್ಪ ಮಗಳು ಬಗ್ಗಿ ಕೂತಿದ್ದರು. ಬೆಳಕಿಂಡಿ ಬಂತು. ಒಲೆ ಬಂತು. ಸಾಕಮ್ಮ ಬರಲಿಲ್ಲ, ಅವಳಿದ್ದ ಕಡೆ ಒಂದು ಮುದ್ದೆ ಹೊಗೆ. ಬಲ ಮೂಲೆಯಲ್ಲಿ ಸೋರಿದ ಕಲೆ ಇರಲಿಲ್ಲ. ಅಡಕಲು ಗಡಿಗೆಗಳ ಪಕ್ಕದಲ್ಲಿ ಒಬ್ಬ ಗಂಡಸು ನಿಂತಿದ್ದ. ಬರಿ ಮೈ, ಎತ್ತಿ ಕಟ್ಟಿದ ಪಂಚೆ, ಮೊಣಕೈವರೆಗೆ ರಾಗಿ ಹಿಟ್ಟು, ಕೈಯಲ್ಲಿ ತಿರುವುವ ಕೋಲು. ಅಲ್ಲಾಡಬೇಡ ಅಂದದ್ದನ್ನು ಆ ಮನೆಯಲ್ಲಿ ಕೇಳಿದವನು ಅವನೊಬ್ಬನೇ. ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿ ಬಂದಿದ್ದ.

"ಇದ್ಯಾರಪ್ಪ?"

ಗುರುಮಲ್ಲಪ್ಪನಿಗೆ ಜರಿ ರುಮಾಲಿಲ್ಲದೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಸಂಬಂಧ ಮುರಿಯಿತು ಅಂದುಕೊಂಡ.

"ಬೆಟ್ಟಸ್ವಾಮಿ ಕಣವ್ವ. ಅವರವ್ವನ ಕೈ ಉಳುಕೋಗದೆ ಅಂತ ಕಾಣ್ತದೆ. ಹಿಟ್ಟು ಇವನೇ ತಿರುವ್ತಾನೆ. ನಾಚ್ಕೆಗೆ ಬಚ್ಚಿಟ್ಕಂಡವ್ನೆ."

ಪುಟ್ಟಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ನಗು ನಿಂತಿತು, ನೋಟ ನಿಲ್ಲಲಿಲ್ಲ.

"ಮನೆ ನೋಡವ್ವ" ಎಂದ ಗುರುಮಲ್ಲಪ್ಪ. "ಒಲೆ ನೋಡು. ಬೆಳಕಿಂಡಿ ನೋಡು. ಇದಕ್ಕೇ ಅಲ್ವಾ ನಾನು ಮೈಸೂರ್ಗೆ ಹೋಗಿ ಲೆನ್ಸು ತಂದದ್ದು?"

"ನೋಡಿದ್ದಾಯ್ತಪ್ಪ. ಒಪ್ಕಂಡೆ ಅಂತ ಹೇಳ್ಕಳ್ಸು."

"ಬೆಳಕಿಂಡಿ ಯಾವ ಕಡೆ ಅದೆ, ಹೇಳು ನೋಡನ?"

ಅವಳು ಬಲ ಮೂಲೆಯಿಂದ ಕಣ್ಣು ಕೀಳಲಿಲ್ಲ. "ಯಾವ ಬೆಳಕಿಂಡಿ?"

ಮಾಘದಲ್ಲಿ ಮದುವೆಯಾಯಿತು. ಗುರುಮಲ್ಲಪ್ಪ ತಾನು ಕೊಟ್ಟ ಮಾತು ಮುರಿದು, ನೋಡದ ಮನೆಗೆ ಮಗಳನ್ನು ಕೊಟ್ಟ.