ಬೇಲಿ ದಾಟಿದ ಕೈ

ಬಾವಿಕಟ್ಟೆಯ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಶಂಕರಿ ಬೇಲಿಯನ್ನೇ ನೋಡುತ್ತಿದ್ದಳು. ಕೈಯಲ್ಲಿ ದನ ಅಟ್ಟುವ ಬೆತ್ತ. ಫೋನನ್ನು ಬೇಕೆಂದೇ ಒಳಗೆ ಬಿಟ್ಟು ಬಂದಿದ್ದಳು. ಅದು ಕೂಗಿದರೆ ಕಳ್ಳಿ ಎಚ್ಚರಾದಾಳು.

ಕಳ್ಳಿ ಯಾರೆಂದು ಗೊತ್ತಿತ್ತು. ಬೇಲಿಯಾಚೆ ಮನೆಯ ಗಣೇಶಪ್ರಸಾದನ ಹೆಂಡತಿ ಶ್ರೀರಂಜಿನಿ. ಕೈಹಿಡಿದು ಕೇಳುವುದು ಮಾತ್ರ ಬಾಕಿ.

ಅಂಗಳದ ಬದಿಯಲ್ಲಿ ಶಂಕರಿಗೆ ಇದ್ದದ್ದು ನಾಲ್ಕು ಚಾಪೆ ಹಾಸುವಷ್ಟು ಜಾಗ. ಅದರಲ್ಲೇ ನಂದಬಟ್ಟಲು, ರತ್ನಗಂಧಿ, ಒಂದು ಬುಡ ಮಲ್ಲಿಗೆ; ಬೇಲಿಗೆ ತಾಗಿಕೊಂಡು ಒತ್ತೊತ್ತು ಎಸಳಿನ ಕೆಂಪು ಅಟ್ಟೆ ದಾಸವಾಳ. ಬದಿಯಡ್ಕದ ಸುತ್ತಿನಲ್ಲಿ ಬುದ್ಧಿ ಇದ್ದವರು ದಾಸವಾಳದ ಮೊಗ್ಗನ್ನು ಸಂಜೆಯೇ ಕೊಯ್ದು ಬಾಳೆಲೆಯಲ್ಲಿ ಸುತ್ತಿಡುತ್ತಾರೆ. ಬೆಳಗ್ಗಿನ ಪೂಜೆಯ ಹೊತ್ತಿಗೆ ಅದು ಒಳಗೇ ಅರಳಿರುತ್ತದೆ, ಕಳ್ಳರ ಕಾಟವೂ ಇಲ್ಲ. ಶಂಕರಿಗೆ ಅದು ಹಿಡಿಸದು. ಹೂ ಗಿಡದಲ್ಲೇ ಅರಳಬೇಕು, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳಬೇಕು. ಆ ಒಂದು ಗಳಿಗೆಗಾಗಿ ಅವಳು ಸಗಣಿ ಹೊತ್ತಿದ್ದಳು, ಚಿಗಳಿ ಇರುವೆಗಳಿಂದ ಕಚ್ಚಿಸಿಕೊಂಡಿದ್ದಳು, ಬಾವಿ ಬತ್ತಿದ ವರ್ಷ ಅಕ್ಕಿ ತೊಳೆದ ನೀರನ್ನು ಲೋಟದಲ್ಲಿ ಎರೆದಿದ್ದಳು. ಈಗ ಬಾಗಿಲು ತೆಗೆದರೆ ಬರೀ ತೊಟ್ಟು.

ಶ್ರೀರಂಜಿನಿಯ ಕೈ ಸುಮ್ಮನಿದ್ದದ್ದು ಒಮ್ಮೆ ಮಾತ್ರ, ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವಳ ಮಾವ ತೀರಿಕೊಂಡಾಗ. ಪೂಜೆಯಿಲ್ಲದ ಆ ದಿನಗಳಲ್ಲಿ ಅವರ ಕಡೆಯ ಹೂವುಗಳೆಲ್ಲ ಗಿಡದಲ್ಲೇ ಬಾಡಿದವು. ಮುಯ್ಯಿ ತೀರಿಸಲು ಶಂಕರಿಯ ಕೈ ತುರಿಸಿತ್ತು. ಆದರೆ ಸೂತಕದ ಮನೆಯ ಹೂವನ್ನು ದೇವರಿಗೆ ಇಡುವವರುಂಟೇ?

ನಿನ್ನೆ ಗಂಡ ಹರಿನಾರಾಯಣನ ಹತ್ತಿರ ಕಡ್ಡಿ ಮುರಿದಂತೆ ಹೇಳಿದ್ದಳು. “ಕಣ್ಣಿನ ಡಾಕ್ಟರಲ್ಲಿಗೆ ಹೇಗೂ ಮಂಗಳೂರಿಗೆ ಹೋಗ್ತೀರಲ್ಲ. ಬರುವಾಗ ಮುಳ್ಳುತಂತಿ ತನ್ನಿ. ಮೊದಲ ರೈಲಿಗೇ ಹೋಗಿ, ಸಂಜೆಯೊಳಗೆ ಬೇಲಿಗೆ ಕಟ್ಟಿ ಆಗಬೇಕು.”

“ನಾಲ್ಕು ಹೂವಿಗೆ ಮುಳ್ಳುತಂತಿಯಾ ಮಾರಾಯ್ತಿ? ಊರವರು ನಗಾಡಿಯಾರು.”

“ನಗಾಡಲಿ. ತಂತಿ ಇಲ್ಲದೆ ಈ ಮೆಟ್ಟಿಲು ಹತ್ತಬೇಡಿ.”

ಇಂದು ಅವನು ಕೋಳಿ ಕೂಗುವ ಮೊದಲೇ ಸ್ಕೂಟರು ಹತ್ತಿ ಕುಂಬಳೆ ಸ್ಟೇಷನ್ನಿಗೆ ಹೊರಟುಹೋಗಿದ್ದ. ಕಾಫಿ ಸಹ ಕುಡಿಯಲಿಲ್ಲ. ಸಿಟ್ಟು ಇರಲಿ, ತಂತಿ ಬಂದರಾಯಿತು.

ಬೆಳಕು ಹರಿಯುತ್ತಿದ್ದಂತೆ ಬೇಲಿಯ ಎಲೆಗಳು ಅಲುಗಿದವು. ಬಳೆ ತೊಟ್ಟ ಕೈಯೊಂದು ಈಚೆ ಬಂದು ಕೊಂಬೆಯನ್ನು ಬಗ್ಗಿಸಿತು. ಒಂದು ಹೂ ಹೋಯಿತು. ಮತ್ತೊಂದು. ಶಂಕರಿ ಬೆತ್ತ ಎತ್ತಿದಳು.

ಅಷ್ಟರಲ್ಲಿ ಬೇಲಿಯಾಚೆ ಫೋನು ಕೂಗಿತು.

“ಹಾಂ, ಹೇಳಿ. ಡೈರಿಗೆ ಹಾಲು ಕೊಟ್ಟಾಯ್ತಾ?… ಎಂತ?… ಎಲ್ಲಿ?” ಬಗ್ಗಿಸಿದ್ದ ಕೊಂಬೆ ಕೈಜಾರಿ ಮೇಲಕ್ಕೆ ಚಿಮ್ಮಿತು.

ಶಂಕರಿ ಹಾರಿ ಬಂದು ಎದುರು ನಿಂತಳು. “ಸಿಕ್ಕಿಬಿದ್ದೆಯಲ್ಲ! ಕದ್ದ ಹೂವಿಗೆ ದೇವರು ಒಲಿಯುತ್ತಾನಾ? ಕೇಳಿದರೆ ಕೊಡ್ತಿರಲಿಲ್ವಾ ನಾನು?”

ಕೊಡುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಬೇರೆ ದಿನವಾದರೆ ಶ್ರೀರಂಜಿನಿ ಒಂದಕ್ಕೆ ಹತ್ತು ಹೇಳುವವಳು. ಇಂದು ಬುಟ್ಟಿಗೆ ಕೈ ಹಾಕಿ, ತನ್ನ ಮನೆಯ ತುಂಬೆ, ಕರವೀರಗಳನ್ನು ಬಿಟ್ಟು ಶಂಕರಿಯ ದಾಸವಾಳಗಳನ್ನು ಮಾತ್ರ ಹೆಕ್ಕಿ ತೆಗೆದಳು. ಒಂದೊಂದಾಗಿ ಗಿಡದ ಬುಡದಲ್ಲಿಟ್ಟಳು.

“ಇದು ಇವತ್ತು ನಮಗೆ ಬೇಡ ಅಕ್ಕ.”

“ನಾಚಿಕೆ ಬಂತಾ ಕಡೆಗಾದರೂ?”

ಶ್ರೀರಂಜಿನಿ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಶಂಕರಿಯ ಎದೆ ಉಬ್ಬಿತು. ಮುಳ್ಳುತಂತಿಯ ಕೆಲಸವನ್ನು ಬೆತ್ತವೇ ಮುಗಿಸಿತ್ತು! ಆ ಮನೆಯಿಂದ ದಿನಾ ಕಿವಿಗೆ ಬಡಿಯುತ್ತಿದ್ದ ಭಕ್ತಿಗೀತೆಯೂ ಇಂದು ಕೇಳಲಿಲ್ಲ. ಬಾಲ ಮುದುರಿದೆ, ಸರಿ.

ಸ್ವಲ್ಪ ಹೊತ್ತಿನಲ್ಲಿ ಶ್ರೀರಂಜಿನಿ ತಟ್ಟೆಯಲ್ಲಿ ದೋಸೆ, ಲೋಟದಲ್ಲಿ ಚಾ ಹಿಡಿದು ಜಗಲಿಯ ಬುಡಕ್ಕೆ ಬಂದಳು. ಕಣ್ಣು ಕೆಂಪಾಗಿತ್ತು.

“ಎಂತ, ಲಂಚವಾ?”

“ಬಯ್ಯಿರಿ ಅಕ್ಕ, ಎಷ್ಟು ಬೇಕಾದರೂ ಬಯ್ಯಿರಿ. ಮೊದಲು ಎರಡು ತುತ್ತು ತಿನ್ನಿ.”

“ದೇವರಿಗೆ ಹೂ ಇಡದೆ ನಾನು ನೀರು ಸಹ ಮುಟ್ಟುವುದಿಲ್ಲ. ನಿನ್ನ ದೋಸೆ ನಿನ್ನ ನಾಯಿಗೆ ಹಾಕು.”

“ಇವತ್ತೊಂದು ದಿನ ತಿನ್ನಿ. ಮತ್ತೆ ನಿಮ್ಮಿಂದ ಆಗಲಿಕ್ಕಿಲ್ಲ.”

“ಶಾಪ ಹಾಕ್ತೀಯಾ ನನಗೆ?” ಶಂಕರಿ ಬೆತ್ತವನ್ನು ನೆಲಕ್ಕೆ ಬಡಿದಳು. ಶ್ರೀರಂಜಿನಿ ತಟ್ಟೆಯನ್ನು ಜಗಲಿಯ ಮೇಲಿಟ್ಟು ಅಲ್ಲೇ ಕಂಬಕ್ಕೊರಗಿ ಕುಳಿತಳು. ಎಷ್ಟು ಬೈದರೂ ಏಳಲಿಲ್ಲ.

ಕುಳಿತುಕೊಳ್ಳಲಿ, ನೋಡಲಿ. ಅವಳ ಕಣ್ಣೆದುರೇ ಶಂಕರಿ ಗಿಡದಲ್ಲಿ ಉಳಿದಿದ್ದ ಹೂವನ್ನೆಲ್ಲ ಕೊಯ್ದಳು. ಎಷ್ಟೋ ದಿನಗಳ ಮೇಲೆ ಹರಿವಾಣ ತುಂಬಿತ್ತು. ಅದನ್ನು ಎತ್ತಿ ಮೂಗಿನ ಹತ್ತಿರ ತಂದು, ಮೂಸಬಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ದೇವರ ಕೋಣೆಗೆ ಹೋಗಿ ದೀಪ ಹಚ್ಚಿದಳು. ಹಲಗೆಯ ಮೇಲಿದ್ದ ಫೋನು ಗುರುಗುಟ್ಟಿ ನಿಂತಿತು, ಮತ್ತೆ ಗುರುಗುಟ್ಟಿತು. ತಂತಿಯ ಕ್ರಯ ಹೇಳಲಿಕ್ಕೆ ಇವರೇ ಇರಬೇಕು. ಪೂಜೆ ಮುಗಿಯಲಿ.

ಅಂಗಳದಲ್ಲಿ ಕಾರು ನಿಂತಿತು. ಗಣೇಶಪ್ರಸಾದನ ಸ್ವರ, ಇನ್ನೂ ಯಾರ್ಯಾರದೋ ತಗ್ಗಿದ ಸ್ವರ. ಹೆಂಡತಿಯ ಪರವಾಗಿ ಜಗಳಕ್ಕೆ ದಂಡು ಕಟ್ಟಿಕೊಂಡು ಬಂದಿದ್ದಾನೆ! ಬರಲಿ. ಶಂಕರಿ ಎಲ್ಲಕ್ಕಿಂತ ದೊಡ್ಡ ದಾಸವಾಳವನ್ನು ಆರಿಸಿ ದೇವರ ಮುಡಿಗೆ ಕೈ ಚಾಚಿದಳು.

“ಅದನ್ನು ಇಡಬೇಡಿ ಅಕ್ಕ,” ಹೊಸ್ತಿಲಾಚೆಯಿಂದ ಶ್ರೀರಂಜಿನಿ ಹೇಳಿದಳು. “ಹರಿಯಣ್ಣ ಕುಂಬಳೆಗೆ ಮುಟ್ಟಲೇ ಇಲ್ಲ. ನಿಮಗೆ ಸೂತಕ.”