ಸೈಕಲ್ ಮೇಡಂ ಮತ್ತು ಬೇಯಿಸಿದ ಮೊಟ್ಟೆ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಆಮೇಲೆ ಯಾರಿಗೆ ಕಳಿಸಬೇಕು ಅಂತ ನಿಮಗೇ ಹೊಳೆಯುತ್ತದೆ.

ದಾವಣಗೆರೆಯ ಹೈಸ್ಕೂಲೊಂದರಲ್ಲಿ ಮಂದಾಕಿನಿ ಅಂತ ಒಬ್ಬ ಪಿ.ಟಿ. ಟೀಚರ್. ರಜೆ ಬಂತೆಂದು ಉಳಿದವರೆಲ್ಲ ಊಟಿಗೆ ಹೊರಟರೆ, ಈಕೆ ಬೀದರ್‌ನಿಂದ ಚಾಮರಾಜನಗರಕ್ಕೆ ಸೈಕಲ್ ಏರಿದಳು!

ಟಿಬಿ ರೋಗಿಗಳ ಊಟಕ್ಕೆ ದೇಣಿಗೆ ಕೂಡಿಸುವುದು, ಊರೂರಲ್ಲಿ ಜಾಗೃತಿ ಮೂಡಿಸುವುದು ಅವಳ ಉದ್ದೇಶ. ಟೀಶರ್ಟಿನ ಬೆನ್ನ ಮೇಲೆ ದಪ್ಪಕ್ಷರ... "ಟಿಬಿ ಗುಣವಾಗುತ್ತದೆ. ಮುಚ್ಚಿಡಬೇಡಿ."

ಕಲಬುರಗಿ ತನಕ ಎಲ್ಲ ಸರಿಯಿತ್ತು. ಹಾರ, ಶಾಲು, ಸೆಲ್ಫಿ... ಸುರಪುರ ದಾಟಿದ ಮೇಲೆ ಶುರುವಾಯಿತು ನೋಡಿ ವಿಚಿತ್ರ.

ಎಲ್ಲಿ ನಿಂತರೂ ಜನ ಅವಳ ಕೈಗೆ ಬೇಯಿಸಿದ ಮೊಟ್ಟೆ ಇಡುತ್ತಿದ್ದರು!

ಚಹಾ ಅಂಗಡಿಯವನು ಕೊಟ್ಟ. ಬಳೆ ಮಾರುವ ಹೆಂಗಸು ತಡೆದು ನಿಲ್ಲಿಸಿ ಕೊಟ್ಟಳು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಮಂದಾಕಿನಿಗೆ ತಲೆಬುಡ ಅರ್ಥವಾಗಲಿಲ್ಲ...

ಇನ್ನೊಂದೆಡೆ, ಎಲ್ಲರಿಗೂ ಗಾಜಿನ ಲೋಟದಲ್ಲಿ ಚಹಾ ಬಂದರೆ ಅವಳಿಗೆ ಮಾತ್ರ ಪೇಪರ್ ಕಪ್. ಅದನ್ನೂ ದೂರದ ಕಟ್ಟೆ ಮೇಲಿಟ್ಟು ಸರಿದುಬಿಡುತ್ತಿದ್ದರು.

ಒಬ್ಬರು ಗಲ್ಲ ಸವರುತ್ತಾರೆ, ಇನ್ನೊಬ್ಬರು ಮೂಗಿಗೆ ಸೆರಗು ಹಿಡಿಯುತ್ತಾರೆ... ಇದು ಪ್ರೀತಿಯೋ, ಅವಮಾನವೋ?

ಭಾಷಣಕ್ಕೆ ಚಪ್ಪಾಳೆ ಬೀಳುತ್ತಿತ್ತು. ಕಫ ಪರೀಕ್ಷೆಗೆ ಬನ್ನಿ ಎಂದರೆ ಮಾತ್ರ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ.

"ಯಾರಿಗೋಸ್ಕರ ತುಳೀತಿದೀನಿ ನಾನು?" ಅನ್ನಿಸಿತು. ಲಿಂಗಸುಗೂರಿಗೆ ಹೋಗಿ ಸೈಕಲ್ಲನ್ನು ಬಸ್ಸಿಗೆ ಹಾಕಿಕೊಂಡು ಊರಿಗೆ ವಾಪಸ್... ಅಷ್ಟೇ ಎಂದು ತೀರ್ಮಾನಿಸಿದಳು.

ಅಷ್ಟರಲ್ಲಿ ರಸ್ತೆ ಬದಿಯ ಮಿರ್ಚಿ ಅಂಗಡಿಯಿಂದ ಒಂದು ಕೂಗು. "ಏ ಸೈಕಲ್ ಮೇಡಂ! ಬಿಸಲಾಗ ಎಲ್ಲಿ ಹೊಂಟಿ? ಬಾ, ಎರಡು ತುತ್ತು ಉಂಡು ಹೋಗು."

ಕೂಗಿದ್ದು ಅಂಗಡಿ ನಡೆಸುವ ಅಜ್ಜಿ, ಮೌಲವ್ವ. ಹಿಂದೆಯೇ ಅವಳ ಮನೆ, ಬಾಗಿಲಿಗೆ ಹಳೇ ಸೀರೆಯ ಪರದೆ.

ರೊಟ್ಟಿ, ಪುಂಡಿಪಲ್ಯ... ಜೊತೆಗೆ ಮತ್ತದೇ ಮೊಟ್ಟೆ! ಮೌಲವ್ವ ಎದುರಿಗೆ ಕೂತು ಅದೇ ತಟ್ಟೆಗೆ ಕೈ ಹಾಕಿ ಉಣ್ಣತೊಡಗಿದಳು. ಪೇಪರ್ ಕಪ್ಪಿಗೆ ಒಗ್ಗಿಹೋಗಿದ್ದ ಮಂದಾಕಿನಿಗೆ ಇನ್ನೂ ಗೊಂದಲ.

"ಅಜ್ಜಿ, ನಾನು ಮೊಟ್ಟೆ ತಿನ್ನಲ್ಲ..."

"ತಿನ್ನಬೇಕವ್ವಾ. ಗುಳಿಗಿ ಭಾಳ ಹೀಟ್ ಇರ್ತಾವ, ಮೈಯಾಗ ಶಕ್ತಿ ಬೇಕು. ಎಷ್ಟು ತಿಂಗಳಾತು ನುಂಗಾಕ ಹತ್ತಿ?"

ಮಂದಾಕಿನಿಗೆ ಥಟ್ಟನೆ ಎಲ್ಲ ಅರ್ಥವಾಯಿತು. ಇವರೆಲ್ಲ ಅವಳಿಗೇ ಟಿಬಿ ಇದೆ, ವಾಸಿಯಾಗಲಿ ಎಂದು ಹರಕೆ ಹೊತ್ತು ಸೈಕಲ್ ತುಳಿಯುತ್ತಿದ್ದಾಳೆ ಅಂದುಕೊಂಡಿದ್ದರು!

ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಜ್ಜಿ... ನನಗೆ ಟಿಬಿ ಇಲ್ಲ!"

ಮೌಲವ್ವನ ಕೈಯ ತುತ್ತು ಹಾಗೇ ನಿಂತಿತು.

"ಹಂಗನಬ್ಯಾಡವ್ವಾ... ಮೆಲ್ಲಕ ಮಾತಾಡು. ಒಳಗ ನನ್ನ ಸೊಸಿ ಅದಾಳ. ಆಕಿಗೂ ಅದ ಬ್ಯಾನಿ. ನಾ ಬದುಕಂಗಿಲ್ಲ ಅಂತ ಗುಳಿಗಿ ಬಿಟ್ಟು ಮಲಗ್ಯಾಳ. ಟಂಟಂ ಆಟೋದವರು ನಿನ್ನ ಸುದ್ದಿ ಹೇಳಿದ್ರು. ನೋಡು, ನಿನ್ನಂಥಾಕಿನ ಊರೂರು ಸೈಕಲ್ ತುಳೀತಾಳ ಅಂದೆ... ಇವತ್ತ ಎದ್ದು ತಲಿ ಬಾಚ್ಕೊಂಡಾಳವ್ವಾ!"

ಮಂದಾಕಿನಿ ನಗು ನಿಲ್ಲಿಸಿ ಪರದೆಯ ಕಡೆ ನೋಡಿದಳು. ನಿಜ ಹೇಳಿದರೆ ಆ ಹೆಣ್ಣಿನ ಆಸೆ ಹೋಗುತ್ತದೆ... ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ಏನು ಮಾಡುವುದು?

ಪರದೆ ಸರಿಯಿತು. ಸೊಸೆ ಗಂಗಮಾಳಮ್ಮ ಬಾಗಿಲು ಹಿಡಿದು ನಿಂತಿದ್ದಳು. ಒಣಗಿದ ಮೈ, ನೀಟಾಗಿ ಬಾಚಿದ ತಲೆ. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ನಿಮಗ ಬ್ಯಾನಿನ ಇಲ್ಲಂದ್ರ... ಮತ್ಯಾಕ ತುಳೀತೀರಿ? ಬ್ಯಾರೇದವರ ಬ್ಯಾನಿಗೆ ಯಾರರ ಸೈಕಲ್ ತುಳೀತಾರೇನ್ರೀ?"

ಬೆಳಗ್ಗೆಯಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು! ಮಂದಾಕಿನಿಯ ಕಣ್ಣು ತುಂಬಿತು.

"ಯಾಕೆ ಅಂತ ನನಗೂ ಗೊತ್ತಿರಲಿಲ್ಲಮ್ಮ... ಈಗ ಗೊತ್ತಾಯ್ತು. ನಿಮ್ಮನೆ ತನಕ ಬರೋಕೆ."

ಎದ್ದು ತಟ್ಟೆಯನ್ನು ಅಂಗಡಿ ಮುಂದಿನ ಬೇವಿನ ನೆರಳಿಗೆ ಒಯ್ದಳು. "ಬಾ, ಇಲ್ಲಿ ಗಾಳಿ ಇದೆ, ಕೂತ್ಕೋ."

"ಬ್ಯಾಡ್ರೀ ಅಕ್ಕಾರ... ಮಂದಿ ನೋಡ್ತಾರ. ನನ್ನ ತಾಟ ನಾನ ಬ್ಯಾರೇ ಇಟ್ಕೊಂಡೀನಿ."

"ನೋಡಲಿ. ತಟ್ಟೆಯಿಂದ ಟಿಬಿ ಬರಲ್ಲ."

ರಸ್ತೆಯಲ್ಲಿ ನಾಲ್ಕು ಜನ ನಿಂತು ನೋಡುತ್ತಿದ್ದಂತೆಯೇ ಮಂದಾಕಿನಿ ಮೊಟ್ಟೆ ಮುರಿದಳು. ಅರ್ಧ ಗಂಗಮಾಳಮ್ಮನ ಕೈಗೆ... ಇನ್ನರ್ಧ ಕಣ್ಮುಚ್ಚಿ ತನ್ನ ಬಾಯಿಗೆ. ಮುಖ ಕಿವುಚಿ ನುಂಗಿದ್ದನ್ನು ನೋಡಿ ಗಂಗಮಾಳಮ್ಮ ಕಿಲಕ್ಕನೆ ನಕ್ಕಳು... ನಗುತ್ತಲೇ ಅತ್ತುಬಿಟ್ಟಳು.

"ಯವ್ವಾ..." ಎಂದಳು ಅತ್ತೆಗೆ, "ನಾಳಿಗೆ ದವಾಖಾನಿಗೆ ಹೋಗೂಣು."

ಮೌಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಂದಾಕಿನಿ ಬಸ್ ಹತ್ತಲಿಲ್ಲ. ಮರುದಿನ ಅವರ ಜೊತೆ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಮತ್ತೆ ಚಿಕಿತ್ಸೆ ಶುರು ಮಾಡಿದ ಮೇಲೆಯೇ ಸೈಕಲ್ ಏರಿದ್ದು.

ಅದರ ಮಾರನೇ ದಿನ, ಮುಂದಿನ ಊರಲ್ಲೂ ಒಬ್ಬ ಅಜ್ಜ ಮೊಟ್ಟೆ ಹಿಡಿದು ಬಂದ. "ಎಷ್ಟು ತಿಂಗಳಾತು ಗುಳಿಗಿ?"

ಅವಳು ಈ ಸಲ ನಗಲಿಲ್ಲ. "ನನಗಲ್ಲ ತಾತ, ನನ್ನ ತಂಗಿಗೆ... ನಿನ್ನೆ ಶುರುವಾಯ್ತು" ಎಂದು ಮೊಟ್ಟೆ ಸುಲಿಯತೊಡಗಿದಳು.

ಅಜ್ಜ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ... "ಪರೀಕ್ಷೆ ಎಲ್ಲಿ ಮಾಡ್ತಾರವ್ವಾ?"

•

ನಮ್ಮದಲ್ಲದ ನೋವಿನತ್ತ ನಾವು ನಡೆದುಹೋದಾಗಲೇ, ಮುಚ್ಚಿದ ಪರದೆಯೊಂದು ತಾನಾಗಿ ಸರಿಯುತ್ತದೆ...

ನಿಮ್ಮ ಬೀದಿಯಲ್ಲೂ ಯಾರಿಗೋ ತಟ್ಟೆ ಬೇರೆ ಇಟ್ಟಿರಬಹುದು. ಅವರ ಪಕ್ಕ ಕೂತು ಒಂದು ತುತ್ತು ಉಣ್ಣಲು ನೀವು ಸಿದ್ಧರಿದ್ದೀರಾ?